ಸುದ್ದಿ ನಿಜವಾದ ಮೇಲೆ

ಗುರುವಾರ, ಹದಿನಾಲ್ಕು. ಸೆಕೆ. ಮನೆಯಲ್ಲಿ ನಾನೊಬ್ಬನೇ.

ಬಣ್ಣ ತಯಾರಿಸುವ ಕಂಪನಿಯೊಂದನ್ನು ಯಾರೋ ಕೊಳ್ಳುತ್ತಾರೆಂಬ ಗಾಳಿಸುದ್ದಿ ಇವತ್ತು ನಿಜವಾಯಿತು. ಷೇರು ತುಸು ಏರಿತು, ಆದರೆ ಅದು ಜೋರಾಗಿ ಏರುತ್ತದೆಂದು ಪಣಕಟ್ಟಿ ನಾನು ಕೊಂಡಿದ್ದ ಕಾಲ್ ಆಪ್ಷನ್‌ನ ಬೆಲೆ ನೆಲಕಚ್ಚಿತು.

ನಮ್ಮ ಆಫೀಸಿನ ಹಿರಿಯ ಬ್ರೋಕರ್ ಚುಚ್ಚದೆ ಬಿಡಲಿಲ್ಲ. "ಅಲ್ಲಯ್ಯ, ಗುಲ್ಲೆದ್ದ ಮೇಲೆ ಕೊಂಡ್ರೆ ಇನ್ನೇನಾಗುತ್ತೆ? ನೀನು ದುಡ್ಡು ಕೊಟ್ಟಿದ್ದು ಜನರ ತಳಮಳಕ್ಕೆ. ಸುದ್ದಿ ಗಟ್ಟಿಯಾಯ್ತು, ತಳಮಳ ಇಳೀತು, ಆಪ್ಷನ್ ಬೆಲೆನೂ ಇಳೀತು. ಹೊಸಬರಿಗೆ ಈ ಪಾಠ ಹೇಳೋನು ನೀನೇ ಅಲ್ವೇನಯ್ಯ?"

ನಾನೇ. ಗುಲ್ಲೆದ್ದಾಗ ಮಾರುವುದು ನನ್ನ ಪದ್ಧತಿ. ಆದರೆ ಕಳೆದ ವಾರ, ಮನೆ ಬಿಟ್ಟು ಹೋಗಿರುವ ನನ್ನ ಹೆಂಡತಿಯ ತಂಗಿ ಫೋನ್ ಮಾಡಿದ್ದಳು. "ಭಾವ, ಅಕ್ಕ ಗುರುವಾರ ಮನೆಗೆ ಬರ್ತಾಳಂತೆ. ಮನಸ್ಸು ಕರಗಿರಬೇಕು." ಫೋನ್ ಇಟ್ಟವನು ಯಾವ ಸುದ್ದಿಯನ್ನಾದರೂ ನಂಬುವ ಸ್ಥಿತಿಯಲ್ಲಿದ್ದೆ. ಆ ಕಾಲ್ ಆಪ್ಷನ್ ಕೊಂಡೆ.

ಸಂಜೆ ಅವಳು ಬಂದಳು. ಆ ಸುದ್ದಿಯೂ ಸುಳ್ಳಾಗಲಿಲ್ಲ.

"ಕೂತ್ಕೋ" ಅಂದೆ.

"ಇಲ್ಲ, ಕೆಳಗೆ ಗಾಡಿ ಕಾಯ್ತಿದೆ. ನನ್ನ ಪುಸ್ತಕ ತಗೊಂಡು ಹೋಗ್ತೀನಿ."

ಅನುವಾದಿತ ಕಾದಂಬರಿಗಳಲ್ಲಿ ತನ್ನವನ್ನಷ್ಟೇ ಆರಿಸಿಕೊಂಡಳು. ಮೇಜಿನ ಮೇಲಿದ್ದ ಒಂದನ್ನು ನಾನು ಅರ್ಧ ಓದಿದ್ದೆ. ಅದನ್ನು ಕೈಗೆತ್ತಿಕೊಂಡು, ನಾನಿಟ್ಟ ಗುರುತಿನ ಚೀಟಿ ನೋಡಿ ಹಾಗೇ ಇಟ್ಟಳು. "ಓದಿ ಮುಗಿಸಿ. ಆಮೇಲೆ ತಂಗಿ ಕೈಲಿ ಕಳಿಸಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ.

ಕಾಲ್‌ನ ಅವಧಿ ಮುಗಿಯಲು ಇನ್ನೂ ದಿನಗಳಿವೆ, ಪುಸ್ತಕದಲ್ಲೂ ಪುಟಗಳಿವೆ. ದಿನಕ್ಕೊಂದು ಪುಟ ಓದುತ್ತಾ ವರ್ಷವಿಡೀ ಕಾಯಬಲ್ಲವನು ನಾನು. ಬೇಡ. ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ, ಬಂದಷ್ಟಕ್ಕೆ ಮಾರಿಬಿಡುತ್ತೇನೆ. ಪುಸ್ತಕವನ್ನು ಮುಗಿಸದೆಯೇ ಕಳಿಸುತ್ತೇನೆ.

ಚೀಟಿಯನ್ನು ಮಾತ್ರ ಇನ್ನೂ ತೆಗೆದಿಲ್ಲ.