ಸುಳ್ಳಾಗಿ ಕೂತ ಮೂರು ದಿನ

ಸದಾಶಿವ ಪೇಠ, ಪುಣೆ
ರವಿವಾರ, ೧೨ ಫೆಬ್ರುವರಿ ೧೯೩೩

ಯರವಡಾ ಜೈಲಿನಲ್ಲಿರುವ ನಮ್ಮ ಮನೆಯವರಿಗೆ ನರ್ಮದಾ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಖಾದಿ ಶಾಲು ತಲುಪಿತೇ? ಅತ್ತೆಯವರು ಗಟ್ಟಿಯಾಗಿದ್ದಾರೆ.

ನೀವು ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಇಪ್ಪತ್ತೊಂದನೆಯ ಇಸವಿಯಲ್ಲಿ, ವಿದೇಶಿ ಬಟ್ಟೆ ಸುಟ್ಟ ದಿನ, ಬ್ರಹ್ಮಚರ್ಯದ ವ್ರತ ಹಿಡಿದಿರಿ; ಮಕ್ಕಳು ಸ್ವರಾಜ್ಯ ಬಂದ ಮೇಲೆ ಎಂದಿರಿ. ಆಗ ನನಗೆ ಮೂವತ್ತು. ಹೊಟ್ಟೆಯಲ್ಲೇ ಎರಡು ಕಳೆದುಕೊಂಡವಳು, ಆದರೂ ಒಪ್ಪಿದೆ. ಮುಟ್ಟಾದ ಹೆಂಗಸರನ್ನು ಹೊರಗೆ ಕೂಡಿಸುವ ಪದ್ಧತಿ ನಿಲ್ಲಿಸುತ್ತೇನೆ ಎಂದಿರಿ. ನಿಲ್ಲಲಿಲ್ಲ. ನನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಕೇಳುವುದಿಲ್ಲ ಎಂದಿರಿ. ನಿನ್ನೆ ಅತ್ತೆಯವರಿಗೆ ಬಂದ ನಿಮ್ಮ ಕಾಗದದಲ್ಲಿ ‘ಸೂಲಗಿತ್ತಿಗೆ ತೋರಿಸಿರಿ, ನಿಜ ತಿಳಿಯಲಿ’ ಎಂದಿದೆ. ಅವರಿಗೆ ಓದಲು ಬರುವುದಿಲ್ಲವಲ್ಲ, ನನ್ನಿಂದಲೇ ಓದಿಸಿದರು.

ನಿಜ ನಾನೇ ಹೇಳುತ್ತೇನೆ. ದೀಪಾವಳಿಯ ನಂತರ ನನ್ನ ಮುಟ್ಟು ತಪ್ಪಿತು. ಜನವರಿಯ ಚಳಿಯಲ್ಲಿ, ಪ್ರಭಾತಫೇರಿಯ ಮೆರವಣಿಗೆಯ ನಡುವೆ, ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗಿ ಶಾಲು ಕಿತ್ತೆಸೆದೆ. ಜೊತೆಯವರು ಅದನ್ನು ಹುಮ್ಮಸ್ಸು ಎಂದುಕೊಂಡರು. ಘೋಷಣೆ ಕೂಗುತ್ತಲೇ ಅಳು ಬಂತು. ಹಾಲಿನವಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಹುಚ್ಚು ಹಿಡಿಯಿತೇನೋ ಎಂದು ಹೆದರಿದೆ. ನೀವು ಒಳಗೆ ಹೋಗಿ ಹದಿಮೂರು ತಿಂಗಳು. ನಾನು ಹೊರಗೆ ಕೂಡದ ತಿಂಗಳುಗಳನ್ನೂ ನಮ್ಮ ವಾಡೆಯ ಬಿಡಾರಗಳವರು ಎಣಿಸಿದರು. “ಏನ್ ನರ್ಮದಾಬಾಯಾರ, ಈ ವರ್ಷ ಮಾವಿನಕಾಯಿ ಲಗೂನ ಬೇಕಾಗ್ಯಾವೇನ್ರಿ?” ಎಂದು ನಲ್ಲಿಯ ಬಳಿ ನೆರೆಯಾಕೆ ಕೇಳಿದಳು. ಎಲ್ಲರೂ ನಕ್ಕರು.

ಆಗ ಒಂದು ಹೇಡಿ ಕೆಲಸ ಮಾಡಿದೆ. ವಿದೇಶಿ ಬಟ್ಟೆಯಂಗಡಿಯ ಮುಂದಿನ ಪಿಕೆಟಿಂಗಿನಲ್ಲಿ ಲಾಠಿಗೆ ಹೆದರದವಳು ಆ ನಗೆಗೆ ಹೆದರಿ, ಏನೂ ಆಗದಿದ್ದರೂ ಹಿತ್ತಲ ಕೋಣೆಯಲ್ಲಿ ಮೂರು ದಿನ ಕೂತೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಮೂರು ದಿನ ಕೂತಿ, ಹಗ್ಗದ ಮ್ಯಾಲ ಒಂದ್ ಅರಿವೀನೂ ಒಣಗಲಿಲ್ಲಲ್ಲ? ಯಾರ ಮುಂದ ನಾಟಕಾ ಮಾಡ್ತೀ?” ಎಂದರು. ಆಮೇಲಿನ ಜೈಲು ಭೇಟಿಗೆ ಅವರೊಬ್ಬರೇ ಬಂದು ನಿಮಗೆ ಹೇಳಿದ್ದು ಇದನ್ನೇ.

ಬಸಿರಲ್ಲ. ನೂಲುವ ವರ್ಗದ ಚನ್ನಬಸವ್ವನ ಹತ್ತಿರ ಹೇಳಿಕೊಂಡೆ. ಅವಳಿಗೆ ಐವತ್ತು ದಾಟಿದೆ. “ಅಯ್ಯ ನಮ್ಮವ್ವಾ, ಮುಟ್ಟು ನಿಲ್ಲೂ ಕಾಲ ಇದು. ಮೂರು ತಿಂಗಳ ಬರೂದಿಲ್ಲ, ಮತ್ತ ಬರ್ತದ. ಮೈ ಉರೀತದ, ಸಿಟ್ಟು ಭಾಳ ಬರ್ತದ. ನಾ ಅಂತೂ ನಮ್ಮವರ ಮ್ಯಾಲ ತಾಟು ಒಗದಿದ್ದೆ!” ಎಂದಳು. ನಕ್ಕೆ. ಹುಚ್ಚಲ್ಲ ಎಂದು ಗೊತ್ತಾಯಿತಲ್ಲ. ಆಮೇಲೆ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಿಮ್ಮ ಸ್ವರಾಜ್ಯ ನಾಳೆಯೇ ಬಂದರೂ ನನಗಿನ್ನು ಮಗುವಿಲ್ಲ. ವ್ರತ ನಿಮ್ಮದು. ಹನ್ನೆರಡು ವರ್ಷ ಬಂಜೆ ಎನಿಸಿಕೊಂಡವಳು ನಾನು, ಈಗ ಕಳ್ಳ ಬಸುರಿ ಎನಿಸಿಕೊಳ್ಳುತ್ತಿರುವವಳೂ ನಾನೇ. ಉರಿ ಎದ್ದಾಗ ಈಗ ರಾಟಿ ನಿಲ್ಲಿಸಿ ಕಿಟಕಿಯ ಬಳಿ ಕೂತು, ಅದು ಇಳಿದ ಮೇಲೆ ಮತ್ತೆ ನೂಲುತ್ತೇನೆ. ಈ ಕಾಗದವನ್ನು ಜೈಲಿನ ಸಾಹೇಬರೂ ಓದುತ್ತಾರೆ. ಓದಲಿ.

ಜೊತೆಯ ಕೈದಿಗಳಿಗೆಲ್ಲ ನಮಸ್ಕಾರ ತಿಳಿಸಿರಿ. ಕಷಾಯ ತಪ್ಪಿಸಬೇಡಿರಿ.

ಇಂತು,
ನರ್ಮದಾ

ತಾ.ಕ.: ಸೂಲಗಿತ್ತಿ ನಾಡಿದ್ದು ಬರುತ್ತಾಳಂತೆ. ಮೈ ಮುಟ್ಟಲು ಬಿಡುವುದಿಲ್ಲ. ಈ ಸಲದ ಭೇಟಿಗೆ ಅತ್ತೆಯವರನ್ನು ನಾನೇ ಕರೆತರುತ್ತೇನೆ. ಅವರೆದುರು ‘ನರ್ಮದೆಯ ಮಾತು ನಿಜ’ ಎಂದು ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ಜೈಲಿನ ಬಾಗಿಲಿನಿಂದ ನೆಟ್ಟಗೆ ಚನ್ನಬಸವ್ವನ ಮನೆಗೆ ಹೋಗುತ್ತೇನೆ. ನನ್ನ ಟ್ರಂಕು ಆಗಲೇ ಅಲ್ಲಿದೆ. ಭೇಟಿ ಶನಿವಾರ, ಹದಿನೆಂಟನೆಯ ತಾರೀಖು, ಮಧ್ಯಾಹ್ನ ಎರಡು ಗಂಟೆ.