ನಟ್ಟಿನ ಮೇಲಿನ ಹಸಿರು ಗೆರೆ

ಕಾರ್ಖಾನೆಯ ಹಿಂದಿನ ಶೆಡ್ಡು,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಮೊಣಕಾಲಿನ ಹೊಲಿಗೆ ಬಿಚ್ಚಿದರೇ? ಅವಳನ್ನು ನಡೆಸುವ ಗಡಿಬಿಡಿಯಲ್ಲಿ ನಿನ್ನ ಬಿಪಿ ಮಾತ್ರೆ ಮರೆಯಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಗಿನಿಂದ ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದೆ. ಶಾಲೆಯಲ್ಲೂ ಹೀಗೇ ಇದ್ದೆ, ನಿನಗೆ ಗೊತ್ತು. ಆದರೆ ಅಲ್ಲಿ ಎದ್ದು ಹೋಗಲು ಬಾಗಿಲಿತ್ತು.

ಭಾನುವಾರ ತಾತನ ಕಾರನ್ನು ಕಾರ್ಖಾನೆಯ ಗೇಟಿನ ಬಳಿ ಕಟ್ಟೆಯ ಮೇಲೆ ನಿಲ್ಲಿಸುತ್ತಾರಲ್ಲ, ಅದನ್ನು ಸಜ್ಜು ಮಾಡುವ ಕೆಲಸವನ್ನು ಮಾವ ನನಗೇ ಕೊಟ್ಟಿದ್ದಾರೆ. ತಾತನ ವಿಷಯದಲ್ಲಿ ಊರು ಇನ್ನೂ ಎರಡು ಭಾಗ. ನಮಗೆಲ್ಲ ಅನ್ನ ಕೊಟ್ಟ ದೊಡ್ಡ ಸಾಹೇಬರು ಎನ್ನುವವರು ಒಂದು ಕಡೆ. ಬ್ರೇಕ್ ಪೈಪ್ ಬಿರುಕು ಬಿಡುತ್ತದೆಂದು ಗೊತ್ತಿದ್ದೂ ಕಾರು ಮಾರಿ ಏಳು ಜನರನ್ನು ಕೊಂದವನು ಎನ್ನುವವರು ಇನ್ನೊಂದು ಕಡೆ. ತಾತ ಕುರ್ಚಿ ಬಿಟ್ಟಿಳಿದ ದಿನದಿಂದ ಸಾಯುವವರೆಗೂ ಹೇಳಿದ್ದು ಒಂದೇ ಮಾತು: "ಮೊದಲ ಅಪಘಾತ ಆಗೋವರೆಗೂ ನಂಗೆ ಯಾರೂ ಹೇಳ್ಲಿಲ್ಲ." ಕಟ್ಟೆಗೆ ಕೂರಿಸುವ ಕಲ್ಲಿನಲ್ಲೂ "ತಮಗೆ ತಿಳಿಯದ ತಪ್ಪಿಗೆ ತಲೆಕೊಟ್ಟವರು" ಎಂದು ಕೆತ್ತಿಸಿದ್ದಾರೆ. ಆ ಸಾಲು ನೀನೇ ಬರೆದುಕೊಟ್ಟಿದ್ದು.

ನಿನ್ನೆ ಮುಂದಿನ ಚಕ್ರ ಬಿಚ್ಚಿದೆ. ತಾತನ ನಿಯಮ ನೆನಪಿದೆಯಲ್ಲ, ನಟ್ಟು ಬಿಗಿದವರು ಅದರ ಮೇಲಿಂದ ಪಕ್ಕದ ಲೋಹದವರೆಗೆ ತಮ್ಮ ಬಣ್ಣದ ಗೆರೆ ಎಳೆಯಬೇಕು. ನಟ್ಟು ಸಡಿಲಾದರೆ ಗೆರೆ ಮುರಿಯುತ್ತದೆ, ಯಾರ ಕೈಕೆಲಸ ಎಂಬುದೂ ತಿಳಿಯುತ್ತದೆ. ಒಬ್ಬರ ಬಣ್ಣ ಇನ್ನೊಬ್ಬರಿಗಿಲ್ಲ. ಉಳಿದೆಲ್ಲ ನಟ್ಟುಗಳ ಮೇಲೆ ಹಳದಿ, ಕೆಂಪು. ಬ್ರೇಕ್ ಪೈಪಿನ ಎರಡು ತುದಿಗೆ ಮಾತ್ರ ಹಸಿರು. ಪೈಪೂ ಈ ಮಾಡೆಲ್ಲಿಗೆಲ್ಲ ಹಾಕುತ್ತಿದ್ದ, ಬಿರುಕು ಬಿಡುವ ತೆಳು ಪೈಪಲ್ಲ, ದಪ್ಪದ್ದು. ಎಲ್ಲರೂ ಗ್ರೀಸಜ್ಜ ಎನ್ನುವ ಹಳೇ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. "ಹಸಿರು ನಿಮ್ ತಾತಂದು ಕಣಮ್ಮಾ. ಆ ಡಬ್ಬಿ ಮುಟ್ಟೋ ಗಂಡಸು ಇಲ್ಲಿರ್ಲಿಲ್ಲ" ಎಂದವರು ತರಿಸಿದ ಚಹಾ ಕುಡಿಯದೆ ಹೋದರು.

ಮಾವನಿಗೆ ಹೇಳಿದೆ. "ವಿಷಯ ಗೊತ್ತಾದ್ಮೇಲೆ ಬದಲಾಯಿಸಿರ್ತಾರೆ ಬಿಡೇ. ಥಿನ್ನರ್ ಹಚ್ಚಿ ಒರೆಸಿ ಹಾಕು, ಮುಗೀತು. ಪತ್ತೇದಾರಿಕೆ ಮಾಡೋಕೆ ಹತ್ತನೇ ಕ್ಲಾಸಾದ್ರೂ ಮುಗಿಸಿರ್ಬೇಕು" ಎಂದು ನಕ್ಕರು. ಬಟ್ಟೆ ಒದ್ದೆ ಮಾಡಿಕೊಂಡು ಕಾರಿನ ಕೆಳಗೆ ಮಲಗಿದ್ದೂ ಆಯಿತಮ್ಮಾ. ಕೈ ಏಳಲಿಲ್ಲ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ತಾತ. ಶಾಲೆ ಬಿಟ್ಟಾಗ ಬೈಯದವರೂ ಅವರೊಬ್ಬರೇ. ಅವರಿಗಾಗಿಯಾದರೂ ಒರೆಸೋಣ ಎನ್ನಿಸುತ್ತದೆ. ಅವರೇ ಕಲಿಸಿದ ಗೆರೆಯನ್ನು ಹೇಗೆ ಒರೆಸಲಿ ಎಂದೂ ಅನ್ನಿಸುತ್ತದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಬಸ್ಸು ಹತ್ತುವ ಮೊದಲು ಹೊಟ್ಟೆಗೇನಾದರೂ ಹಾಕಿಕೋ.

ನಿನ್ನ,
ಒಂದು ಕಡೆ ಕೂರಲಾರದ ಮಗಳು

ತಾ.ಕ.: ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಹೆದರಿದೆ. ಇದು ನೀನು ಕಾಲೇಜಿಗೆ ಓಡಿಸುತ್ತಿದ್ದ ಕಾರು. ಕೊನೆಯ ಪರೀಕ್ಷೆಯ ಹಿಂದಿನ ದಿನ ತಾತ ಕೀಲಿ ಕಿತ್ತುಕೊಂಡು, ಮರುದಿನ ಬೆಳಿಗ್ಗೆ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಬಂದು, "ಈಗ ಹೋಗು ಮಗಳೇ" ಎಂದು ವಾಪಸು ಕೊಟ್ಟ ಕಥೆಯನ್ನು ಎಷ್ಟು ಸಲ ಹೇಳಿದ್ದೀಯ! ಆ ಪರೀಕ್ಷೆ ಏಪ್ರಿಲಿನಲ್ಲಿ. ಮೊದಲ ಅಪಘಾತ ಅದೇ ವರ್ಷದ ಆಗಸ್ಟಿನಲ್ಲಿ. ಗೆರೆ ಒರೆಸಿಲ್ಲ, ಚಕ್ರ ಹಾಕಿಲ್ಲ. ಶನಿವಾರವೇ ಬಂದು ನೀನೇ ನೋಡು. ಕಲ್ಲು ಇನ್ನೂ ಗೋಣಿಚೀಲದಲ್ಲೇ ಇದೆ.