ಕೋವಿ ಪೆಟ್ಟಿಗೆಯ ಬೀಗದ ಕೈ

ರೀ,

ಲೈಸೆನ್ಸುದಾರರು ತೀರಿಕೊಂಡ ಮೇಲೆ ನಿಮ್ಮ ಕೋವಿ ಮನೆಯಲ್ಲಿರಬಾರದಂತೆ. ಇವತ್ತು ಹುಣಸೂರಿನ ದಫೇದಾರರು ಬಂದು ಪೆಟ್ಟಿಗೆಯ ಬೀಗದ ಕೈ ಕೇಳಿದರು. "ಅವರ ಉಡಿದಾರದಲ್ಲಿರುತ್ತಿತ್ತು, ಈಗ ಎಲ್ಲಿದೆಯೋ" ಎಂದೆ.

ನಿಮ್ಮ ಹಿರಿಯ ಹೆಂಡತಿ ಸಾಕಮ್ಮ ತನ್ನ ಎಲಡಿಕೆ ಚೀಲದಿಂದ ಅದನ್ನು ತೆಗೆದುಕೊಟ್ಟಳು.

ನಾನು ಕೇಳಿದಾಗಲೆಲ್ಲ, "ಇದು ನನ್ನತ್ರಾನೇ ಇರ್ಬೇಕು, ಕಾನೂನು ಕಣಮ್ಮಿ" ಅನ್ನುತ್ತಿದ್ದಿರಲ್ಲ!

"ಯಾವಾಗಿಂದ ಐತಕ್ಕಾ ನಿನ್ನತ್ರ?"

"ನಿನ್ ಕೂಸು ತೀರ್ಕಂಡ ದಿನದಿಂದ ಕಣವ್ವ. ಏನಾದ್ರೂ ಮಾಡ್ಕಂಡ್ಬುಟ್ಟಾಳು, ಅವ್ಳ ಕೈಗೆ ಸಿಗದಂಗೆ ಮಡಗು ಅಂತ ಅಳ್ತಾ ಕೊಟ್ರು."

ನನ್ನೆದುರು ನೀವು ಒಂದು ಹನಿ ಕಣ್ಣೀರೂ ಹಾಕಲಿಲ್ಲ.

ಬೀಗದ ಕೈ ಅವಳಿಗೇ ಕೊಟ್ಟಿರಿ, ಹೋಗಲಿ ಬಿಡಿ. ಆ ಅಳುವನ್ನಾದರೂ ನನಗೆ ಕೊಡಬಹುದಿತ್ತು.